ವೆಂಕಟಸ್ವಾಮಿಯ ಇಪ್ಪತ್ತೆರಡು ಗಜ

ವೆಂಕಟಸ್ವಾಮಿ ಮೊದಲ ದಿನ ಕುಡುಗೋಲು ಹಿಡಿದು ಆ ಜಾಗಕ್ಕೆ ಇಳಿದಾಗ ನಮ್ಮ ಬೀದಿಯ ಬಾಲ್ಕನಿಗಳಿಂದ ಏಳೆಂಟು ಜನ ನೋಡುತ್ತಿದ್ದೆವು. ಏನು ಮಾಡುತ್ತಿದ್ದೀರಿ ಎಂದು ಯಾರೂ ಕೇಳಲಿಲ್ಲ. ಉತ್ತರಹಳ್ಳಿಯ ಈ ಕಡೆ ಖಾಲಿ ಜಾಗದೊಳಗೆ ಯಾರಾದರೂ ಕಾಲಿಟ್ಟರೆ ನಾವು ಕೇಳುವುದಿಲ್ಲ, ಮೊದಲು ಫೋಟೋ ತೆಗೆಯುತ್ತೇವೆ. ನಾನೂ ತೆಗೆದೆ. ಅರ್ಧ ಗಂಟೆಯೊಳಗೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಆ ಮನುಷ್ಯನ ಬೆನ್ನು ಆರು ದಿಕ್ಕುಗಳಿಂದ ಬಂದಿತ್ತು.

ಜಾಗ ಮುಕ್ಕಾಲು ಎಕರೆಯಷ್ಟಿದೆ. ಬಡಾವಣೆ ಮಾಡಿದಾಗ ಸಾರ್ವಜನಿಕರ ಉಪಯೋಗಕ್ಕೆಂದು ಬಿಟ್ಟದ್ದು. ಯಾವ ಉಪಯೋಗ ಎಂದು ಯಾರೂ ತೀರ್ಮಾನಿಸದೆ ಇಪ್ಪತ್ತೈದು ವರ್ಷ ಕಳೆದಿತ್ತು. ಸರ್ಕಾರಿ ಸ್ವತ್ತು ಎಂದು ಬರೆದಿದ್ದ ತಗಡಿನ ಬೋರ್ಡು ತುಕ್ಕು ಹಿಡಿದು ಒಂದು ಕಾಲಿನ ಮೇಲೆ ವಾಲಿ ನಿಂತಿತ್ತು. ಎದೆಮಟ್ಟ ಪಾರ್ಥೇನಿಯಂ, ಹಳೇ ಮನೆ ಕೆಡವಿದವರು ತಂದು ಸುರಿದ ಇಟ್ಟಿಗೆ ಚೂರು, ಒಡೆದ ಕಮೋಡು, ಯಾರೋ ಸತ್ತ ಮೇಲೆ ಎಸೆದ ಹಾಸಿಗೆಗಳು. ನಾವೆಲ್ಲ ಮೂಗು ಮುಚ್ಚಿಕೊಂಡು ಅದರ ಪಕ್ಕ ವಾಕಿಂಗ್ ಹೋಗುತ್ತಿದ್ದೆವು.

ಅವತ್ತು ಸಂಜೆ ಪಂಕಜಾ ಮೇಡಂ ಗುಂಪಿಗೆ ಧ್ವನಿ ಸಂದೇಶ ಹಾಕಿದರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದ ಅವರು ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ.

"ಮೊದ್ಲು ಕ್ಲೀನ್ ಮಾಡ್ತಾರೆ. ಆಮೇಲೆ ನಾಲ್ಕು ಶೀಟ್ ಹಾಕ್ತಾರೆ. ಆಮೇಲೆ ಒಳಗೊಂದು ದೇವರ ಫೋಟೋ ಇಡ್ತಾರೆ. ಆರು ತಿಂಗಳಾದ್ಮೇಲೆ ಅಲ್ಲಿಗೆ ಕಾಲಿಡೋಕೆ ನಾವು ಪರ್ಮಿಷನ್ ಕೇಳ್ಬೇಕು. ಬನಶಂಕರೀಲಿ ನನ್ನ ಕಣ್ಣಾರೆ ನೋಡಿದೀನಿ."

ವೆಂಕಟಸ್ವಾಮಿ ನಮಗೆ ಅಪರಿಚಿತನೇನಲ್ಲ. ಮೂವತ್ತೊಂದು ವರ್ಷ ಈ ಭಾಗದ ಬೀದಿಗಳಿಗೆ ನೀರು ಬಿಟ್ಟವನು. ಬೆಳಗಿನ ಜಾವ ಟಿವಿಎಸ್ ಮೊಪೆಡ್ಡಿಗೆ ಉದ್ದನೆಯ ಕಬ್ಬಿಣದ ಕೀಲಿ ಕಟ್ಟಿಕೊಂಡು ಬಂದು, ರಸ್ತೆಯ ಗುಂಡಿಯ ಮುಚ್ಚಳ ಸರಿಸಿ, ವಾಲ್ವು ತಿರುಗಿಸಿ ಹೋಗುತ್ತಿದ್ದ. ನೀರು ಬಾರದ ದಿನ ಅವನ ಹೆಸರು ಎಲ್ಲರ ಬಾಯಲ್ಲಿ; ಬಂದ ದಿನ ಯಾರಿಗೂ ನೆನಪಿಲ್ಲ. ಅರವತ್ತು ತುಂಬಿ ನಿವೃತ್ತನಾಗಿ ಎರಡು ತಿಂಗಳಾಗಿತ್ತು. ಹಳೇ ಊರಿನ ಕಾಲೊನಿಯಲ್ಲಿ ಎರಡು ಕೋಣೆಯ ಸ್ವಂತ ಮನೆ, ಅಂಗನವಾಡಿಯಲ್ಲಿ ಕೆಲಸ ಮಾಡುವ ಹೆಂಡತಿ ಗೋವಿಂದಮ್ಮ, ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ. ಇಷ್ಟು ಗೊತ್ತಿದ್ದರೂ ಅವನನ್ನು ನಂಬುವುದಕ್ಕೆ ಸಾಲಲಿಲ್ಲ.

ಮೂರನೆಯ ದಿನ ಪಂಕಜಾ ಮೇಡಂ ನನ್ನನ್ನೂ ಕರೆದುಕೊಂಡು ಹೋಗಿ ನೇರವಾಗಿ ಕೇಳಿದರು. ಆತ ತುಂಬುತೋಳಿನ ಅಂಗಿ ಹಾಕಿ, ಮುಖಕ್ಕೆ ಟವಲು ಸುತ್ತಿಕೊಂಡಿದ್ದ. ಪಾರ್ಥೇನಿಯಂ ತಾಗಿದರೆ ಮೈಯೆಲ್ಲ ತುರಿಕೆ.

"ಕ್ರಿಕೆಟ್ ಆಡೋಕೆ ಮೇಡಂ," ಅಂದ.

"ಯಾರು?"

"ನಾನು."

ಪಂಕಜಾ ಮೇಡಂ ನನ್ನ ಮುಖ ನೋಡಿದರು. ಅವನು ಟವಲು ಸರಿಸಿ ವಿವರಿಸಿದ. ಹುಡುಗನಾಗಿದ್ದಾಗ ಬತ್ತಿದ ಕೆರೆಯಂಗಳದಲ್ಲಿ ಆಡುತ್ತಿದ್ದ, ಕಾಲೊನಿ ಟೀಮಿನ ವಿಕೆಟ್ ಕೀಪರ್. ಕೆಲಸಕ್ಕೆ ಸೇರಿದ ಮೇಲೆ ಭಾನುವಾರ ಬೆಳಿಗ್ಗೆ ನೀರು ಬಿಡುವ ಸರದಿ ಇವನದೇ ಆಯಿತು. ಸಂಸಾರ ದೊಡ್ಡದಿದ್ದ ಸಹೋದ್ಯೋಗಿಗಳು ಬೇರೆ ದಿನ ಹಿಡಿದರು. ಮೂವತ್ತೊಂದು ವರ್ಷ ಒಂದು ಭಾನುವಾರವೂ ಬ್ಯಾಟ್ ಮುಟ್ಟಿರಲಿಲ್ಲ.

ವಾಪಸ್ಸು ಬರುವಾಗ ಪಂಕಜಾ ಮೇಡಂ ಹೇಳಿದರು: "ಕಥೆ ಚೆನ್ನಾಗಿದೆ. ಅದೇ ನಂಗೆ ಡೌಟು."

ನಮಗಿಂತ ಹೆಚ್ಚು ಅನುಮಾನಪಟ್ಟವರು ಬೋರಣ್ಣ. ಜಾಗದ ಪೂರ್ವಕ್ಕೆ ಅವರ ನಾಲ್ಕು ಮಹಡಿಯ ಬಾಡಿಗೆ ಕಟ್ಟಡ. ಬಡಾವಣೆಗೆಂದು ಸರ್ಕಾರ ವಶಪಡಿಸಿಕೊಳ್ಳುವ ಮೊದಲು ಈ ನೆಲವೆಲ್ಲ ಅವರ ತಾತನದು. ಈಗಲೂ ದಿನಾ ಸಂಜೆ ಸ್ಕೂಟರ್ ನಿಲ್ಲಿಸಿ ಆ ಕಡೆ ಒಂದು ಸಲ ನೋಡಿಯೇ ಮನೆಗೆ ಹೋಗುವುದು. ಅವರು ವೆಂಕಟಸ್ವಾಮಿಯನ್ನು ಮಾತಾಡಿಸಿದಾಗ ನಾನು ಹತ್ತಿರದಲ್ಲೇ ಇದ್ದೆ.

"ಯಾರು ಕಳಿಸಿದ್ದು ನಿನ್ನ?"

"ಯಾರೂ ಕಳಿಸಿಲ್ಲ ಬೋರಣ್ಣೋರೆ."

"ಸುಮ್‌ಸುಮ್ನೆ ಯಾರಪ್ಪ ಕಳೆ ಕೀಳ್ತಾರೆ? ಈ ಹೊಲದಲ್ಲೇ ಅಲ್ವೇನೋ ನಿಮ್ಮಪ್ಪ ರಾಗಿ ಕುಯ್ತಿದ್ದಿದ್ದು?"

ವೆಂಕಟಸ್ವಾಮಿ ಕುಡುಗೋಲು ಕೆಳಗಿಟ್ಟ. "ಹೌದು. ಅವ್ರು ಕುಯ್ದಿದ್ದು ನಿಮ್ಗೆ. ನಾನು ಕೀಳ್ತಿರೋದು ನಂಗೆ."

ಆ 'ನಂಗೆ' ಅನ್ನುವ ಮಾತು ಕೆಲಸ ಕೆಡಿಸಿತು. ಮರುದಿನದ ಹೊತ್ತಿಗೆ ಇಡೀ ಊರಿಗೆ ಅದು ಮುಟ್ಟಿತ್ತು. ಯಾರೋ ರಾಜಕಾರಣಿ ಇವನನ್ನು ಮುಂದೆ ಬಿಟ್ಟು ಹಿಂದೆ ನಿಂತಿದ್ದಾನೆ ಎಂದು ಬೋರಣ್ಣ ಹೇಳಿಕೊಂಡು ಬಂದರು. ಯಾವ ರಾಜಕಾರಣಿ ಎನ್ನುವುದಕ್ಕೆ ಮೂರು ಹೆಸರು ಓಡಾಡಿದವು.

ವೆಂಕಟಸ್ವಾಮಿಯೇನೂ ಕಡಿಮೆ ಅನುಮಾನದವನಲ್ಲ. ಬೋರಣ್ಣ ದಿನಕ್ಕೆ ಎಷ್ಟು ಸಲ ಬಂದರು, ಎಷ್ಟು ಹೊತ್ತು ನಿಂತರು, ಜೊತೆಗೆ ಯಾರಿದ್ದರು, ಎಲ್ಲ ಅವನ ತಲೆಯಲ್ಲಿತ್ತು. ಹೊಸದಾಗಿ ಒಂದು ರಾಶಿ ಕಟ್ಟಡದ ಕಸ ಬಿದ್ದರೆ ಅದು ಬೋರಣ್ಣನವರೇ ಸುರಿಸಿದ್ದು ಎನ್ನುವುದು ಅವನಿಗೆ ಖಾತ್ರಿ. ಅವರ ಮನೆಯ ನಾಯಿ ಅಲ್ಲಿ ಅಡ್ಡಾಡಿದರೂ ಕಾರಣ ಹುಡುಕುತ್ತಿದ್ದ.

ಕಳೆ ಕಿತ್ತು ಮುಗಿಯಲು ಎರಡು ತಿಂಗಳು ಹಿಡಿಯಿತು. ಇಟ್ಟಿಗೆ ಚೂರನ್ನು ಬಾಂಡಲಿಯಲ್ಲಿ ಹೊತ್ತು ಮೂಲೆಯಲ್ಲಿದ್ದ ಹಳ್ಳ ತುಂಬಿಸಿದ. ಎಲ್ಲೋ ಕೆರೆ ಹೂಳು ತೆಗೆಯುತ್ತಿದ್ದಲ್ಲಿಂದ ಎರಡು ಲೋಡು ಗೋಡು ಮಣ್ಣು ತರಿಸಿದ. ಅದು ಒಣಗಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಇಪ್ಪತ್ತೆರಡು ಗಜದ ಪಿಚ್ಚಿಗೆ ಅದೇ ಬೇಕು. ಬೀದಿ ತುದಿಯ ಕುಡಿಯುವ ನೀರಿನ ಘಟಕದವರು ಬೇಡವೆಂದು ಚರಂಡಿಗೆ ಬಿಡುತ್ತಿದ್ದ ನೀರಿಗೆ ಪೈಪು ಸಿಕ್ಕಿಸಿ ಮಣ್ಣು ನೆನೆಸಿದ. ಅದಕ್ಕೂ ಗುಂಪಿನಲ್ಲಿ ಪ್ರಶ್ನೆ ಬಂತು: "ಇದು ಯಾರ ನೀರು?" ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ಒಂದು ಮೋರಿ ಪೈಪಿನ ತುಂಡಿಗೆ ಕಾಂಕ್ರೀಟ್ ತುಂಬಿ, ನಡುವೆ ಕಬ್ಬಿಣದ ರಾಡು ತೂರಿಸಿ ರೋಲರ್ ಮಾಡಿದ. ಅದನ್ನು ಒಬ್ಬನೇ ಎಳೆಯಲಾಗದೆ ನಿಂತಿದ್ದಾಗ ಪ್ರಮೋದ್ ಬಂದದ್ದು.

ಪ್ರಮೋದ್‌ಗೆ ಮೂವತ್ತು ವರ್ಷ, ಬನಶಂಕರಿಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ. ಆಟೋದವರು, ಗ್ಯಾರೇಜಿನವರು, ಅಂಗಡಿಯವರು ಸೇರಿದ ಒಂದು ಟೆನಿಸ್ ಬಾಲ್ ಟೀಮಿನ ಕ್ಯಾಪ್ಟನ್. ಆಡುತ್ತಿದ್ದ ಜಾಗಗಳಿಗೆಲ್ಲ ಒಂದೊಂದಾಗಿ ಬೇಲಿ ಬಿದ್ದು, ಹೊಸಕೆರೆಹಳ್ಳಿ ಕಡೆಯಿಂದ ಬಿಳೇಕಹಳ್ಳಿ ಕಡೆಗೆ, ಅಲ್ಲಿಂದ ಇನ್ನೆಲ್ಲಿಗೋ ಅಲೆಯುತ್ತಿದ್ದರು. ಆದರೂ ಅವನು ರೋಲರಿಗೆ ತಕ್ಷಣ ಕೈ ಹಾಕಲಿಲ್ಲ.

"ಅಂಕಲ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾವು ಎಳೆದು ರೆಡಿ ಮಾಡಿದ್ಮೇಲೆ, ಲೈಟ್ ಹಾಕಿ ಗಂಟೆಗಿಷ್ಟು ಕೊಡಿ ಅಂತೀರಾ?"

"ಇಲ್ಲಪ್ಪ."

"ಎಲ್ರೂ ಮೊದ್ಲು ಹಂಗೇ ಅಂದಿದ್ದು."

"ಹಂಗಾದ್ರೆ ಎಳೀಬೇಡ ಬಿಡು," ಎಂದು ವೆಂಕಟಸ್ವಾಮಿ ಮತ್ತೆ ರಾಡು ಹಿಡಿದ. ಪ್ರಮೋದ್ ಬ್ಯಾಗು ಕೆಳಗಿಟ್ಟು ಇನ್ನೊಂದು ತುದಿ ಹಿಡಿದ.

ದಸರಾ ಕಳೆದ ಮೊದಲ ಭಾನುವಾರ ಮೊದಲ ಮ್ಯಾಚು. ವೆಂಕಟಸ್ವಾಮಿ ಸ್ಟಂಪಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಎರಡನೇ ಓವರಿಗೇ ಮಂಡಿ ಹಿಡಿದುಕೊಂಡು ಎದ್ದ. ಆಮೇಲೆ ನಿಧಾನದ ಸ್ಪಿನ್ ಎರಡು ಓವರ್ ಹಾಕಿದ. ಒಂದು ವಿಕೆಟ್ ಬಿತ್ತು. ಬ್ಯಾಟ್ಸ್‌ಮನ್ ಬೇಕೆಂದೇ ಔಟಾದನೇ ಎಂದು ಪ್ರಮೋದನನ್ನು ಮೂರು ಸಲ ಕೇಳಿದನಂತೆ. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಅವನು ಟೋಪಿ ತೆಗೆದು ಮುಖ ಒರೆಸಿಕೊಂಡದ್ದು ಬೆವರಿಗೋ ಮತ್ತೆ ಯಾತಕ್ಕೋ ಅಷ್ಟು ದೂರದಿಂದ ಗೊತ್ತಾಗಲಿಲ್ಲ.

ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ಶೀಟೂ ಬರಲಿಲ್ಲ, ದೇವರೂ ಬರಲಿಲ್ಲ. ಇನ್ನೂ ಬಂದಿಲ್ಲ ಎನ್ನುವುದೇ ಪಂಕಜಾ ಮೇಡಂಗೆ ಚಿಂತೆಯಾಗಿತ್ತು.

ಆಮೇಲೆ ಒಂದು ಜನವರಿಯಲ್ಲಿ, ಮಳೆಯ ಸುಳಿವಿಲ್ಲದ ದಿನ, ಪಿಚ್ಚಿನ ಪೂರ್ವದ ತುದಿ ಒದ್ದೆಯಾಗಿತ್ತು. ಬೆರಳಿಟ್ಟರೆ ಬೆರಳು ಒಳಗೆ ಹೋಗುತ್ತಿತ್ತು. ವೆಂಕಟಸ್ವಾಮಿ ಆ ಮೆದುಮಣ್ಣು ತೆಗೆದು ಬೇರೆ ತುಂಬಿ ರೋಲರ್ ಹೊಡೆದ. ಮರುದಿನ ಒಣಗಿತ್ತು. ಅದರ ಮರುದಿನ ಮತ್ತೆ ಒದ್ದೆ. ಎರಡು ವಾರ ಇದೇ ಆಯಿತು. ಪೂರ್ವದ ತುದಿ ಎಂದರೆ ಬೋರಣ್ಣನವರ ಕಟ್ಟಡದ ಕಡೆ. ವೆಂಕಟಸ್ವಾಮಿಗೆ ಇನ್ನೇನೂ ಬೇಕಿರಲಿಲ್ಲ. ಸಂಪಿನ ನೀರನ್ನು ಬೇಕೆಂದೇ ಇತ್ತ ಬಿಡುತ್ತಿದ್ದಾರೆ. ಆಟ ನಿಂತರೆ ಜನ ಬರುವುದಿಲ್ಲ, ಜನ ಬಾರದಿದ್ದರೆ ಜಾಗ ಅವರದು. ಮೂರು ಬೆಳಿಗ್ಗೆ ಅವರ ಕಾಂಪೌಂಡಿನ ಪಕ್ಕ ಕೂತು ಕಾದ. ಏನೂ ಕಾಣಲಿಲ್ಲ. ಕಾಣದಂತೆ ಮಾಡುತ್ತಿದ್ದಾರೆ ಎಂದು ಅರ್ಥ ಮಾಡಿಕೊಂಡ.

ಆ ಭಾನುವಾರ ಮ್ಯಾಚಿನ ನಡುವೆ ಪ್ರಮೋದನ ಟೀಮಿನ ಬೌಲರ್ ಒಬ್ಬ ಕಾಲು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಗದ್ದಲಕ್ಕೆ ನಾವೆಲ್ಲ ಕೆಳಗಿಳಿದೆವು. ಬೋರಣ್ಣನೂ ಬಂದರು. ವೆಂಕಟಸ್ವಾಮಿ ಅಷ್ಟು ಜನರ ಮುಂದೆ ಅವರ ಕಡೆ ಕೈ ತೋರಿಸಿದ.

"ಇವ್ರೇ ಮಾಡಿದ್ದು. ಕದ್ದು ನೀರು ಬಿಡ್ತಿರೋದು ಇವ್ರೇ. ನಮ್ಮಪ್ಪನ ಮೈ ಮುರಿದ್ರು, ಈಗ ಈ ಹುಡುಗನ ಕೈ ಮುರಿದ್ರು."

ಬೋರಣ್ಣನ ಮುಖ ಕಪ್ಪಿಟ್ಟಿತು. ಬೈಯುತ್ತಾರೆ ಎಂದುಕೊಂಡೆವು. ಅವರು ಸ್ಕೂಟರ್ ಅಲ್ಲೇ ಬಿಟ್ಟು ನಡೆದುಕೊಂಡು ಹೋದರು. ಪಂಕಜಾ ಮೇಡಂ ಸಣ್ಣಗೆ ಹೇಳಿದರು: "ನಂಗೂ ಇವರ ಮೇಲೇ ಡೌಟು ಇತ್ತು." ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಬೋರಣ್ಣ ಪ್ಲಂಬರನ್ನು ಕರೆಸಿ ಸಂಪು ಖಾಲಿ ಮಾಡಿಸಿದರು, ಬೋರ್‌ವೆಲ್ ನಿಲ್ಲಿಸಿದರು. ಬಾಡಿಗೆಯವರಿಗೆಲ್ಲ ಎರಡು ದಿನ ಟ್ಯಾಂಕರ್ ನೀರು. ಸಂಪಿನ ಮುಚ್ಚಳ ತೆರೆದಿಟ್ಟು, ಬೇಕಾದವರು ಬಂದು ನೋಡಲಿ ಎಂದು ಪ್ರಮೋದನ ಕೈಲಿ ಹೇಳಿ ಕಳಿಸಿದರು. ಮಂಗಳವಾರ ಬೆಳಿಗ್ಗೆ ಪಿಚ್ಚು ಎಂದಿನಂತೆ ಒದ್ದೆ.

ಅವತ್ತು ಊಟದ ಹೊತ್ತಿಗೆ ವೆಂಕಟಸ್ವಾಮಿ ಮನೆಯಲ್ಲಿ ಇದನ್ನೇ ಗೊಣಗುತ್ತಿದ್ದನಂತೆ. ಗೋವಿಂದಮ್ಮ ಮುದ್ದೆ ಬಡಿಸುತ್ತಾ ಕೇಳಿದಳು: "ಯಾವ್ಯಾವ ದಿನ ಒದ್ದೆ ಆಗುತ್ತೆ?"

"ಮಂಗಳವಾರ, ಗುರುವಾರ, ಶನಿವಾರ. ಭಾನುವಾರಕ್ಕೆ ಮೇಲೆ ಒಣಗಿದ್ರೂ ಒಳಗೆ ಆರಿರಲ್ಲ."

"ಅವು ಕಾವೇರಿ ನೀರು ಬರೋ ದಿನ ಅಲ್ವಾ?"

ಮೂವತ್ತೊಂದು ವರ್ಷ ನೀರು ಬಿಟ್ಟವನಿಗೆ ಅದು ಹೊಳೆದಿರಲಿಲ್ಲ. ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದ ಎಂದು ಆಕೆ ಆಮೇಲೆ ಹೇಳಿದಳು.

ಗುರುವಾರ ನೀರು ಬಿಡುವ ಹೊತ್ತಿಗೆ ಅವನು ತನ್ನ ಹಳೆಯ ಸರಳು ತೆಗೆದುಕೊಂಡು ಹೋದ. ನೀರಿನವರು ಸೋರಿಕೆ ಹುಡುಕುವುದು ಅದರಿಂದಲೇ: ಕಬ್ಬಿಣದ ಸರಳನ್ನು ನೆಲಕ್ಕೆ ಊರಿ, ಇನ್ನೊಂದು ತುದಿ ಕಿವಿಗಿಟ್ಟುಕೊಂಡು ಕೇಳಬೇಕು. ಪಿಚ್ಚಿನ ಪೂರ್ವದ ತುದಿಯಲ್ಲಿ ಸರಳು ಊರಿದ. ಒಳಗೆ ನೀರು ಹಿಸ್ಸೆನ್ನುತ್ತಿತ್ತು. ಅಲ್ಲಿ ಪೈಪಿದೆ ಎಂದು ಯಾವ ನಕ್ಷೆಯಲ್ಲೂ ಇರಲಿಲ್ಲ. ಆದರೆ ಅವನಿಗೆ ಈಗ ನೆನಪಾಯಿತು.

ಇಪ್ಪತ್ತು ವರ್ಷದ ಹಿಂದೆ ಆ ಜಾಗದಲ್ಲಿ ಏನೋ ಕಟ್ಟಡ ಬರುತ್ತದೆ ಎಂದು ಮುಖ್ಯ ಪೈಪಿನಿಂದ ಒಂದು ಕವಲು ಎಳೆದಿದ್ದರು. ಕಟ್ಟಡ ರದ್ದಾಯಿತು. ಕವಲಿನ ತುದಿಗೆ ಕಬ್ಬಿಣದ ಮುಚ್ಚಳ ಹಾಕಿ ಬಿಗಿಯುವ ಕೆಲಸ ವೆಂಕಟಸ್ವಾಮಿಗೆ ಬಿತ್ತು. ಅವತ್ತು ಮುಚ್ಚಳ ಸಿಗಲಿಲ್ಲ. ಮರದ ಬಿರಡೆಗೆ ಸೈಕಲ್ ಟ್ಯೂಬು ಸುತ್ತಿ ಬಡಿದು, ಮಣ್ಣು ಮುಚ್ಚಿದ. ಮುಂದಿನ ವಾರ ಸರಿ ಮಾಡೋಣ ಎಂದುಕೊಂಡು, ಕೆಲಸ ಮುಗಿದಿದೆ ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿದ. ಆ ಮುಂದಿನ ವಾರ ಬರಲೇ ಇಲ್ಲ. ಆಗ ಆ ಪೈಪಿನಲ್ಲಿ ನೀರೇ ಅಷ್ಟಕ್ಕಷ್ಟೆ, ಬಿರಡೆ ತಡೆದುಕೊಂಡಿತು. ಈಗ ಕಾವೇರಿ ಯೋಜನೆಯ ಹೊಸ ಹಂತದ ನೀರು ರಭಸದಿಂದ ಬರತೊಡಗಿದ ಮೇಲೆ ಕೊಳೆತ ಮರ ಸೋತಿತ್ತು.

ಇದು ಅವನೊಬ್ಬನಿಗೇ ಗೊತ್ತು. ಬರೀ ಸೋರಿಕೆ ಎಂದು ದೂರು ಕೊಟ್ಟಿದ್ದರೆ ಯಾರೋ ಬಂದು ಸರಿ ಮಾಡಿ ಹೋಗುತ್ತಿದ್ದರು. ಬೋರಣ್ಣನ ಮೇಲಿನ ಅನುಮಾನವೂ ಅರ್ಧಂಬರ್ಧ ಹಾಗೇ ಉಳಿಯುತ್ತಿತ್ತು. ಎರಡು ದಿನ ಅವನು ಗ್ರೌಂಡಿಗೆ ಬರಲಿಲ್ಲ. ಗೋವಿಂದಮ್ಮನಿಗೆ ಹೇಳಿದಾಗ ಆಕೆ ಮೊದಲು ಕೇಳಿದ್ದು, "ಪೆನ್ಷನ್‌ಗೆ ಏನಾದ್ರೂ ಆದ್ರೆ?" ಆಮೇಲೆ, "ಆ ಹುಡುಗನ ಕೈಗೆ ಪ್ಲಾಸ್ಟರ್ ಹಾಕಿದಾರಂತೆ. ಹೋಗಿ ಹೇಳಿ ಬನ್ನಿ," ಅಂದಳು.

ಬೋರಣ್ಣನವರ ಮನೆಯ ಮುಂಬಾಗಿಲಿನಿಂದ ವೆಂಕಟಸ್ವಾಮಿ ಒಳಗೆ ಹೋದದ್ದು ಅದೇ ಮೊದಲು. ಚಿಕ್ಕವನಿದ್ದಾಗ ಅಪ್ಪನ ಜೊತೆ ಬಂದರೆ ಹಿತ್ತಲಲ್ಲೇ ನಿಲ್ಲಬೇಕಿತ್ತು. ಅಂಜನಮ್ಮ, ಬೋರಣ್ಣನ ಹೆಂಡತಿ, ಇಬ್ಬರಿಗೂ ಕಾಫಿ ತಂದಿಟ್ಟರು. "ಎರಡೂ ಲೋಟ ಒಂದೇ ಥರದ್ದಾ ಅಂತ ನೋಡ್ದೆ ಸಾರ್," ಎಂದು ಅವನು ಒಮ್ಮೆ ನನಗೆ ಹೇಳಿದ. "ಒಂದೇ ಥರದ್ದಿತ್ತು. ಆದ್ರೂ ತಿರುಗಿಸಿ ನೋಡ್ದೆ."

ಎಲ್ಲ ಕೇಳಿದ ಮೇಲೆ ಬೋರಣ್ಣ ಲೋಟ ಕೆಳಗಿಟ್ಟರು.

"ಯಾರ್ಗೂ ಗೊತ್ತಿರ್ಲಿಲ್ವಲ್ಲ. ನಂಗ್ಯಾಕೆ ಹೇಳ್ತಿದೀಯ?"

"ನಿಮ್ಮೇಲೆ ಹೇಳ್ಬಿಟ್ಟಿದ್ದೆ. ಅದಕ್ಕೆ."

"ಅಷ್ಟೇನಾ? ಇದ್ರಲ್ಲಿ ಇನ್ನೇನೋ ಇದೆ."

"ಏನೂ ಇಲ್ಲ."

"ಇರ್ಲಿ. ಅಷ್ಟು ಜನರ ಮುಂದೆ ಅಂದೋನು ಅಷ್ಟು ಜನರ ಮುಂದೇನೇ ಹೇಳು."

ಭಾನುವಾರ ಅವನು ಹೇಳಿದ. ಎರಡೂ ಟೀಮು, ನಾವು ಬಾಲ್ಕನಿಯವರು, ಕೈಗೆ ಪ್ಲಾಸ್ಟರ್ ಹಾಕಿಕೊಂಡ ಬೌಲರ್, ಎಲ್ಲರ ಮುಂದೆ, ತಡವರಿಸದೆ. ತಪ್ಪು ನಂದು, ಬೋರಣ್ಣನವರ ಮೇಲೆ ಹಾಕಿದೆ, ಕ್ಷಮಿಸಬೇಕು ಅಂದ. ಬೌಲರ್, "ಬಿಡಿ ಅಂಕಲ್, ನಾನು ಹೆಂಗೂ ವೈಡೇ ಹಾಕ್ತಿದ್ದೆ," ಅಂದ. ನಾವೆಲ್ಲ ನಕ್ಕರೂ ವೆಂಕಟಸ್ವಾಮಿ ನಗಲಿಲ್ಲ.

ಸೋಮವಾರ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ತನ್ನ ಹಳೇ ಆಫೀಸಿಗೆ ಹೋದ. ಅಲ್ಲಿ ರಮ್ಯ ಎನ್ನುವ ಚಿಕ್ಕ ವಯಸ್ಸಿನ ಎಂಜಿನಿಯರ್ ಅದನ್ನು ಎರಡು ಸಲ ಓದಿ ವಾಪಸ್ಸು ಕೊಟ್ಟಳು. "ಲೀಕ್ ಇದೆ ಅಂತ ಒಂದು ಲೈನ್ ಬರ್ಕೊಡಿ ಸಾಕು ಅಂಕಲ್. ಇದು ಬೇಡ." ಯಾಕೆ ಇಷ್ಟು ಒಳ್ಳೆಯ ಮಾತಾಡುತ್ತಿದ್ದಾಳೆ ಎಂದು ಅವನಿಗೆ ಅನುಮಾನ. ಎರಡನ್ನೂ ಕೊಟ್ಟು, ತಲುಪಿದ್ದಕ್ಕೆ ಸೀಲು ಹಾಕಿಸಿಕೊಂಡು ಬಂದ. ಪೆನ್ಷನ್‌ಗೆ ಏನೂ ಆಗಲಿಲ್ಲ. ಆದರೆ ಮುಂದಿನ ಆರು ತಿಂಗಳು, ಪ್ರತಿ ಒಂದನೇ ತಾರೀಖು ಅವನು ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಅಲ್ಲಿರುತ್ತಿದ್ದ.

ಪೈಪು ಸರಿ ಮಾಡುವವರು ಬಂದು ಪಿಚ್ಚನ್ನು ಅಡ್ಡಡ್ಡ ಸೀಳಿದರು. ಅವರು ಹೋದ ಮೇಲೆ ಅಲ್ಲಿ ಉಳಿದದ್ದು ಆಳುದ್ದದ ಗುಂಡಿ ಮತ್ತು ಎರಡು ಗುಡ್ಡೆ ಮಣ್ಣು. ಇಷ್ಟು ದಿನ ಮಾಡಿದ ಕೆಲಸವೆಲ್ಲ ಹೋಗಿತ್ತು. ವೆಂಕಟಸ್ವಾಮಿ ಆ ಗುಡ್ಡೆಯ ಮೇಲೆ ಕೂತಿದ್ದಾಗ ಒಂದು ಟ್ರ್ಯಾಕ್ಟರ್ ಬಂತು, ಗೋಡು ಮಣ್ಣು ತುಂಬಿಕೊಂಡು. ಹಿಂದೆ ಸ್ಕೂಟರಿನಲ್ಲಿ ಬೋರಣ್ಣ.

"ಇದ್ಯಾಕೆ?" ಎಂದು ವೆಂಕಟಸ್ವಾಮಿ ಎದ್ದು ನಿಂತ.

"ಯಾಕೆ ಅಂದ್ರೆ? ಗುಂಡಿ ಮುಚ್ಚೋಕೆ. ಅಲ್ಲಿ ನಮ್ಮ ಬಾಡಿಗೆಯವ್ರ ಮಕ್ಕಳು ಬಿದ್ರೆ ಮತ್ತೆ ನನ್ ಮೇಲೇ ಹೇಳ್ತೀಯ."

ಮಣ್ಣಿನೊಳಗೆ ಕಲ್ಲೋ ಗಾಜೋ ಬೆರೆಸಿದ್ದಾರೇನೋ ಎಂದು ಅವನು ಆ ಲೋಡನ್ನು ಅರ್ಧ ದಿನ ಜರಡಿ ಹಿಡಿದ. ಏನೂ ಸಿಗಲಿಲ್ಲ. ಈ ಸಲ ಪಿಚ್ಚು ಎರಡೇ ತಿಂಗಳಲ್ಲಿ ಸಿದ್ಧವಾಯಿತು, ಏಕೆಂದರೆ ರೋಲರ್ ಎಳೆಯಲು ಕೈಗಳಿದ್ದವು. ಒಂದು ಸಲ ನನ್ನದೂ ಇತ್ತು.

ಪಂಕಜಾ ಮೇಡಂ ಜಾಗವನ್ನು ಆಟಕ್ಕೇ ಬಿಡಬೇಕೆಂದು ಸಂಘದ ಪರವಾಗಿ ಅರ್ಜಿಯ ಮೇಲೆ ಅರ್ಜಿ ಬರೆದರು. ಮಳೆಗಾಲ ಮುಗಿಯುವ ಹೊತ್ತಿಗೆ ಇಬ್ಬರು ಟೇಪು ಹಿಡಿದು ಅಳೆಯಲು ಬಂದರು. ಯಾತಕ್ಕೆ ಎಂದರೆ ಸರಿಯಾಗಿ ಹೇಳಲಿಲ್ಲ. ಬೋರಣ್ಣ ಸ್ಕೂಟರ್ ಚಾಲೂ ಮಾಡಿ ವೆಂಕಟಸ್ವಾಮಿಯನ್ನು ಕರೆದರು: "ಬಾ, ಆಫೀಸಿಗೇ ಹೋಗಿ ಕೇಳೋಣ. ನಿನ್ನೊಬ್ಬನ್ನೇ ಕಳಿಸಲ್ಲ."

"ನಾನೂ ನಿಮ್ಮೊಬ್ರನ್ನೇ ಬಿಡಲ್ಲ," ಎಂದು ಅವನು ಹಿಂದೆ ಹತ್ತಿದ. ಹೀಗೆ ಇಬ್ಬರೂ ನಾಲ್ಕು ಸಲ ಹೋಗಿಬಂದರು.

ಕೊನೆಗೆ ಆ ಜಾಗ ಆಟದ ಮೈದಾನ ಎಂದು ಆದೇಶವಾಯಿತು. ತಂತಿ ಬೇಲಿ ಬಂತು, ಒಂದು ಗೇಟು ಬಂತು. ಗೇಟಿನ ಬೀಗದ ಕೈ ಯಾರಲ್ಲಿರಬೇಕು ಎಂದು ಸಂಘದ ಸಭೆಯಲ್ಲಿ ಮುಕ್ಕಾಲು ಗಂಟೆ ಜಗಳ. ಒಬ್ಬೊಬ್ಬರ ಹೆಸರು ಬಂದಾಗಲೂ ಇನ್ನೊಬ್ಬರು ಕೆಮ್ಮಿದರು. ಬೋರಣ್ಣ ಹಿಂದಿನ ಸಾಲಿನಿಂದ ಎದ್ದರು.

"ವೆಂಕಟಸ್ವಾಮಿ ಹತ್ರ ಇರ್ಲಿ. ಏನಾದ್ರೂ ತಪ್ಪು ಮಾಡಿದ್ರೆ ಅವ್ನೇ ಬಂದು ಹೇಳ್ತಾನೆ."

ವೆಂಕಟಸ್ವಾಮಿ ತಲೆ ಎತ್ತಿ ಅವರನ್ನು ನೋಡಿದ. ಇದರ ಹಿಂದೆ ಏನಿರಬಹುದು ಎಂದು ಯೋಚಿಸುತ್ತಿರುವುದು ಅವನ ಹುಬ್ಬಿನಲ್ಲೇ ಕಾಣುತ್ತಿತ್ತು. ಬೋರಣ್ಣ ಕೂರುವ ಮೊದಲು ಇನ್ನೊಂದು ಮಾತು ಸೇರಿಸಿದರು.

"ಡೂಪ್ಲಿಕೇಟ್ ಒಂದು ನನ್ ಹತ್ರ ಇರ್ಲಿ."

ಆಗ, ಹುಡುಕುತ್ತಿದ್ದ ಕಾರಣ ಸಿಕ್ಕಿತು ಎನ್ನುವಂತೆ, ವೆಂಕಟಸ್ವಾಮಿಯ ಹುಬ್ಬು ಸಡಿಲವಾಯಿತು. "ಆಗ್ಲಿ ಅಣ್ಣ," ಅಂದ.